ಭಂಡಾರ ಬರುವವರೆಗೆ

ಕೃಷ್ಣೆಗೆ ಮಹಾಪೂರ ಬರುತ್ತದೆಂದು ವಾಲೀಕಾರ ಯಮನಪ್ಪ ಆ ಶ್ರಾವಣದಲ್ಲಿ ಡಂಗುರ ಹೊಡೆದದ್ದು ಇದು ಮೂರನೇ ಸಲ. ಮೊದಲ ಸಲ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ನೀರು ಬಂದು ಇಳಿದ ಮರುದಿನ ಹೊಡೆದಿದ್ದ. ಎರಡನೇ ಸಲ ಜನ ಗಂಟುಮೂಟೆ ಹೊತ್ತು ಗುಡ್ಡ ಹತ್ತಿದರು. ಹೊಳೆ ಒಂದು ಗೇಣೂ ಏರಲಿಲ್ಲ. ಈಗ ರಬಕವಿ ಪಕ್ಕದ ಆ ಊರಲ್ಲಿ ಅವನ ಹಲಗೆಗೆ ನಾಯಿಯೂ ಕಿವಿ ನಿಮಿರಿಸುತ್ತಿರಲಿಲ್ಲ.

“ಜಮಖಂಡಿ ಕಚೇರಿಗೆ ಸಾಂಗಲಿಯಿಂದ ತಾರು ಬಂದೈತ್ರಿ, ಮ್ಯಾಲ ಹೊಳಿ ಉಕ್ಕೈತಂತ,” ಎಂದು ಅವನು ಬೀರಪ್ಪನ ಗುಡಿಯ ಪೂಜಾರಿ ಜಕ್ಕಪ್ಪನಿಗೆ ಹೇಳಿದ. “ಹಣಮವ್ವಗ ಮೊದಲ ಹೇಳಿದೆ. ಅಪ್ಪ ಭಂಡಾರ ಕಳಿಸಲಿ, ಆಮ್ಯಾಗ ಏಳತೇನಿ ಅಂದಳು.”

ಹಣಮವ್ವ ಜಕ್ಕಪ್ಪನ ಮಗಳು. ಗಂಡ ತೇರದಾಳಕ್ಕೆ ಹೋಗಿದ್ದರಿಂದ ಕೈಗೂಸನ್ನು ಕಟ್ಟಿಕೊಂಡು ಹೊಳೆದಂಡೆಯ ಹೊಲದಲ್ಲಿ ಕುರಿಮಂದೆ ತರುಬಿಕೊಂಡು ಒಬ್ಬಳೇ ಇದ್ದಳು. ಗುಡಿಯ ಅರಿಸಿನ, ಅಂದರೆ ಭಂಡಾರ, ಕೈಗೆ ಬಾರದೆ ಕುರಿಯನ್ನು ಜಾಗ ಬಿಟ್ಟು ಎಬ್ಬಿಸಬಾರದೆಂದು ಅವಳಿಗೆ ಕಲಿಸಿದವನು ಜಕ್ಕಪ್ಪನೇ.

ಅವನು ದೇವರಿಗೆ ಹೂವಿಟ್ಟು ಕೇಳಿದ. ಹೂವು ಎಡಕ್ಕೆ ಬಿತ್ತು. ಏಳುವುದು ಬೇಡ ಎಂದರ್ಥ. ಒಂದೇ ಮಾತನ್ನು ಅದೇ ದಿನ ಮತ್ತೆ ಕೇಳಿದರೆ ದೇವರು ಮುನಿಯುತ್ತಾನೆ. ಭಂಡಾರ ಕಳಿಸಿ ಯಮನಪ್ಪನದು ಸುಳ್ಳಾದರೆ ದೇವರ ಮಾತು ಮುರಿದ ಪಾಪ, ಕಳಿಸದೆ ನಿಜವಾದರೆ ಮಗಳು ಹೋಗುತ್ತಾಳೆ. ಅತ್ತ ದರಿ, ಇತ್ತ ಪುಲಿ. ಜಕ್ಕಪ್ಪ ಹೆದರಿ ಗುಡಿಯಲ್ಲೇ ಕುಳಿತುಬಿಟ್ಟ.

ಹೊತ್ತು ಇಳಿಯುವಾಗ ಊರ ಹಳ್ಳದಲ್ಲಿ ಕೆಂಪು ನೀರು ಹಿಂದಕ್ಕೆ ಹರಿದು ಬಂತು. ಹೊಳೆ ತುಂಬಿ ನೂಕಿದಾಗ ಮಾತ್ರ ಹಾಗಾಗುತ್ತದೆ. ಜಕ್ಕಪ್ಪ ಯಾರನ್ನೂ ಕೇಳದೆ ಭಂಡಾರ ಬಾಚಿಕೊಂಡು ಓಡಿದ.

ದಂಡೆಯಲ್ಲಿ ಯಮನಪ್ಪ ಹಗ್ಗ ಹಿಡಿದು ನಿಂತಿದ್ದ. “ಮೊಣಕಾಲಮಟ ಇದ್ದಾಗಿಂದ ಒದರಾಕತ್ತೇನ್ರಿ. ನನ್ನ ಮಾತ ಕೇಳವಲ್ಲಳು.”

ಹೊಲವೆಲ್ಲ ನೀರು. ಆಚೆ ದಿಬ್ಬದ ಮೇಲೆ ಕುರಿಗಳ ನಡುವೆ ಹಣಮವ್ವ, ಎದೆಯಲ್ಲಿ ಕೂಸು.

“ಅಪ್ಪಾ, ಬೀರಪ್ಪ ಏನಂದಾನ?” ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ. ಅಪ್ಪ ಬಂದಿದ್ದನಲ್ಲ.

ದೇವರ ಹೆಸರಲ್ಲಿ ಜಕ್ಕಪ್ಪ ಎಂದೂ ಸುಳ್ಳಾಡಿದವನಲ್ಲ. “ಕುರಿ ಬಿಟ್ಟು ಬಾ ಅಂದಾನ,” ಎಂದು ಕೂಗಿದ. “ನೀರು ಹಾದಿ ಬಿಡತೈತಿ ಅಂದಾನ.”

ಯಮನಪ್ಪ ಅವನ ರಟ್ಟೆ ಹಿಡಿದು ಜಗ್ಗಿದ. “ಈಗ ಬ್ಯಾಡ್ರಿ. ನಡುವ ದೊಡ್ಡ ತಗ್ಗ ಐತಿ. ರಬಕವಿಯಿಂದ ದೋಣಿ ಬರಾಕತ್ತೈತಿ, ಅಲ್ಲೇ ಇರಲಿ.”

ಹಣಮವ್ವ ಕೂಸನ್ನು ತಲೆಯ ಮೇಲೆತ್ತಿ ಆಗಲೇ ನೀರಿಗಿಳಿದಿದ್ದಳು. ನಿಲ್ಲೆಂದು ಯಮನಪ್ಪ ಗಂಟಲು ಹರಿಯುವಂತೆ ಕೂಗಿದ. ನಿಲ್ಲೆನ್ನಬೇಕಾದ ಜಕ್ಕಪ್ಪ ಭಂಡಾರದ ಮುಷ್ಟಿಯನ್ನು ಎದೆಗೊತ್ತಿ ಹಿಡಿದು ನಿಂತ. ಅವಳು ಯಮನಪ್ಪನ ಕಡೆ ತಿರುಗಲೂ ಇಲ್ಲ; ಅಪ್ಪನ ಮುಖವನ್ನೇ ನೋಡುತ್ತ, ಎದೆಮಟ್ಟದ ನೀರಿನಲ್ಲಿ ಮತ್ತೊಂದು ಹೆಜ್ಜೆ ಇಟ್ಟಳು.