ನಾಯಿಯ ಕಾಳು ತಿಂದ ಮೊಸಳೆಮೀನು

ಗಾಜಿನ ಹಿಂದೆ ಅದು ಹೊರಳಿತು, ಬಾಲ ಒಮ್ಮೆ ಬೀಸಿದರೆ ಸಾಕು, ನೀರೆಲ್ಲ ಫರ್ಸಿಕಲ್ಲಿಗೆ ಬಡಿದು ವಾಪಸು ಬರುತ್ತದೆ — ಈ ಮೊಸಳೆಮೀನಿಗೆ ಒಂದೇ ಹೊತ್ತಿಗೆ ಮೂರು ಆಡು ತಿನ್ನಿಸಿದವಳು ನಾನು, ಕೊಂಬು ಸಮೇತ, ಇಡೀ ಶಹಾಬಾದಿನಲ್ಲಿ ಯಾವ ಗಂಡಸಿಗೂ ಆಗದ ಕೆಲಸ, ಆಯಿತು, ಆಡಲ್ಲ, ಕೋಳಿ, ಕೋಳಿಯೂ ಇಡಿಯದಲ್ಲ, ಮುಜೀಬನ ಅಂಗಡಿಯ ಕೋಳಿ ಕರುಳು, ಅರ್ಧ ಸುಳ್ಳು ತೆಗೆದರೂ ಇನ್ನರ್ಧ ಖರೆಯೇ, ತಿನ್ನಿಸಿದ್ದು ಈ ಕೈ, ಅನಸುಬಾಯಿಯ ಕೈ. ಮೂರು ಕಡೆ ಫರ್ಸಿ ನಿಲ್ಲಿಸಿ ಎದುರಿಗೆ ಗಾಜು ಕೂಡಿಸಿ ನನ್ನ ಮಗ ಸಂಘಪಾಲ ಕಟ್ಟಿದ ತೊಟ್ಟಿ ಇದು, ಊರಿನ ಮಂದಿ ಫರ್ಸಿಯಲ್ಲಿ ನೀರಿನ ತೊಟ್ಟಿ ಕಟ್ಟುತ್ತಾರೆ, ಇವನು ಸಾವನ್ನು ಸಾಕಲು ಕಟ್ಟಿದ, ಮೊಸಳೆಯ ಮೂತಿ, ಗರಗಸದ ಹಲ್ಲು, ಮಲಗಿದರೆ ನನ್ನಷ್ಟು ಉದ್ದ — ಹಾಂ, ನನ್ನ ಸೊಂಟದಷ್ಟು. ಪಡಸಾಲೆಯಲ್ಲಿ ಮಾತು ನಡೆದಿದೆ, ಕೇಳುತ್ತಿದ್ದೇನೆ, ಕಿವಿ ಕೇಳುವುದಿಲ್ಲ ಎಂದು ಅವರು ತಿಳಿದಿದ್ದಾರೆ, ತಿಳಿದಿರಲಿ. ಕಂಬಕ್ಕೆ ಒರಗಿ ಭಾಗ್ಯ ಕೂತಿದ್ದಾಳೆ, ನನ್ನ ಸೊಸೆ, ಬಲಗೈಗೆ ಬಿಳಿ ಪಟ್ಟಿ, ಬೆರಳು ಕಾಣುವುದಿಲ್ಲ, ಪಕ್ಕದಲ್ಲಿ ಅವಳ ಅಣ್ಣ ಪ್ರಬುದ್ಧ, ತವರು ಐನಾಪುರದಿಂದ ಬೆಳಗಿನ ಬಸ್ಸಿಗೆ ಕರೆತಂದಿದ್ದಾನೆ, ಎದುರು ಕುರ್ಚಿಯಲ್ಲಿ ನನ್ನ ಮಗ, ಕಾಲ ಮೇಲೆ ಕಾಲು, ನಡುವೆ ಹಿರಿಯ ಅಂತ ಅಣವೀರ, ನಾನು ಗಣಿಯಲ್ಲಿ ಕಲ್ಲು ಹೊರುವಾಗ ಕೂಲಿಯವರ ಮೇಲೆ ನಿಲ್ಲುತ್ತಿದ್ದ ಮುಕಾದಮ. ಅವನೇ ಹೇಳುತ್ತಿದ್ದಾನೆ, ಯವ್ವಾ ಭಾಗ್ಯ, ತಪ್ಪಾತು ಅಂತ ಒಂದ ಮಾತ ಅಂದಬಿಡು, ಆ ದೊಡ್ಡ ಮೀನ ನನ್ನ ಕೈಲಿಂದ ಸತ್ತದ ಅನ್ನು, ಗಂಡನ ಮನ್ಯಾಗ ಉಳಿ, ಮುಗೀತು. ಅವಳು ಪಟ್ಟಿಯ ಅಂಚು ಎಳೆಯುತ್ತಿದ್ದಾಳೆ. ಅಂದುಬಿಡುತ್ತಾಳೆ, ನನಗೆ ಗೊತ್ತು, ಇನ್ನೊಂದು ಗಳಿಗೆಗೆ ಅಂದುಬಿಡುತ್ತಾಳೆ, ಅಂದರೆ ಇವತ್ತು ರಾತ್ರಿಯಿಂದ ಮತ್ತೆ ಈ ಮನೆ, ಮತ್ತೆ ಗಂಡನ ಆ ಕೈ, ಇನ್ನೊಂದು ಕೈ ಇನ್ನೂ ನೆಟ್ಟಗೆ ಉಳಿದಿದೆ ಅವಳದು.

ರಕ್ತ ಬೀಳಬಾರದು ಅಂದವಳು ನಾನೇ. ವರ್ಷಾವಾಸದ ವ್ರತದ ಮೂರು ತಿಂಗಳು, ಮಳೆಗಾಲ, ದಿನಾ ಸಂಜೆ ಬುದ್ಧ ವಿಹಾರಕ್ಕೆ ಹೋಗಿ ಬಿಳಿ ಸೀರೆಯಲ್ಲಿ ಕೂತು ಪಂಚಶೀಲ ಹೇಳಿ ಬರುತ್ತಿದ್ದೆ, ಮೊದಲ ಹುಣ್ಣಿಮೆಯ ದಿನ, ಅಲ್ಲಿ ನನ್ನ ಪಕ್ಕ ಕೂರುವ ಭೀಮಮ್ಮನ ಎದುರು ದೊಡ್ಡ ಮಾತು ಆಡಿದೆ, ನಮ್ಮ ಮನ್ಯಾಗ ಈ ಮೂರು ತಿಂಗಳ ಸೊಳ್ಳಿ ಸುದ್ದಾ ಸಾಯಂಗಿಲ್ಲ, ಭೀಮಮ್ಮ ನಕ್ಕಳು, ಮತ್ತ ನಿನ್ನ ಮಗನ ಮೀನಿಗಿ ಏನ ಹಾಕ್ತಿ, ಹೂವಾ? ಅಲ್ಲಿಗೆ ನನಗೆ ಛಲ. ಸಂಘಪಾಲ ಫರ್ಸಿ ಲಾರಿ ಹತ್ತಿ ಹೈದರಾಬಾದಿಗೆ ಹೋದರೆ ನಾಲ್ಕು ದಿನ, ಐದು ದಿನ, ಹೋಗುವಾಗ ಭಾಗ್ಯಳಿಗೆ ತಾಕೀತು, ದಿನಾ ಕರುಳ ತಂದು ಹಾಕು, ನೆಪ್ಪಿರಲಿ. ನಾನು ತರಬೇಡ ಅಂದೆ. ಅವನ ಕರಿ ನಾಯಿಗೆ ಒಂದು ಚೀಲ ಕಾಳಿತ್ತು, ಮೇಲೆ ನಗುವ ನಾಯಿಯ ಚಿತ್ರ, ಮೂಸಿದರೆ ಒಣ ಬಿಸ್ಕೀಟಿನ ವಾಸನೆ, ಎಲುಬಿಲ್ಲ, ರಕ್ತವಿಲ್ಲ, ಇದು ಮಾಂಸ ಹೇಗಾದೀತು, ನೀರಿಗೆ ಬಿದ್ದರೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಮುದುಕಿಯೂ ತಿನ್ನಬಹುದು, ಒಂದು ತಿಂದೂ ನೋಡಿದೆ. ಭಾಗ್ಯ ಹೆದರಿದಳು, ಅತ್ತಿ, ನಾಯಿದು ಮೀನಿಗಿ ಆಗಿಬರತದೇನ್ರಿ? ನಾಯಿಗೂ ಬಾಯಿ ಅದ, ಮೀನಿಗೂ ಬಾಯಿ ಅದ, ನೀ ಬಾಯಿ ಮುಚ್ಕೊಂಡಿರು, ಗಂಡಗ ಹೇಳಬ್ಯಾಡ. ಅವಳು ನಕ್ಕಳು. ಆಗ ತೊಟ್ಟಿಯಲ್ಲಿ ಎರಡಿದ್ದವು, ದೊಡ್ಡದೊಂದು, ಸಣ್ಣದೊಂದು. ಫರ್ಸಿಯ ಅಂಚಿಗೆ ಕಲ್ಲಿನ ಚೂರಿನಿಂದ ಟಕ್ ಟಕ್ ಬಡಿದು ಕಾಳು ಹಿಡಿಯುತ್ತಿದ್ದೆ, ಮೊದಲ ದಿನ ಮೂಸಿ ಉಗುಳಿದವು, ಮೂರನೆಯ ದಿನ ಹಸಿವು ಗೆದ್ದಿತು, ಆಮೇಲೆ ಸದ್ದು ಕೇಳಿದರೆ ಸಾಕು ಮೇಲೆ ಬರುತ್ತಿದ್ದವು, ದೊಡ್ಡದು ಸಣ್ಣದರ ಬೆನ್ನು ಕಚ್ಚಿ ಹಿಂದೆ ತಳ್ಳಿ ತಾನೇ ನುಂಗುತ್ತಿತ್ತು, ಹುರುಪೆ ಉದುರುತ್ತಿತ್ತು. ನೋಡಿದಿ ಭೀಮಮ್ಮ, ಮೊಸಳಿ ಸುದ್ದಾ ನನ್ನ ಕೈಯಾಗ ಶಾಕಾಹಾರಿ ಆಗ್ಯದ, ಎಂದು ಊರು ತುಂಬ ಹೇಳಿದೆ, ಯಾರೂ ನಂಬಲಿಲ್ಲ, ಯಾರು ಯಾವತ್ತು ನಂಬಿದ್ದಾರೆ ನನ್ನನ್ನು.

ಮೂರನೆಯ ಹುಣ್ಣಿಮೆಗೆ ಎರಡು ದಿನ ಇತ್ತು, ದೊಡ್ಡದು ಹೊಟ್ಟೆ ಮೇಲೆ ಮಾಡಿ ತೇಲಿತು, ಸಂಘಪಾಲ ಆಗಷ್ಟೇ ಲಾರಿ ಇಳಿದು ಬಂದಿದ್ದ, ಬಚ್ಚಲಿನ ಫರ್ಸಿಯ ಮೇಲೆ ಹಾಕಿ ಗಂಟಲಿಂದ ಬಾಲದವರೆಗೆ ಸೀಳಿದ, ಒಳಗೆ ಹಳದಿ ಕೊಬ್ಬು, ಗಟ್ಟಿ ತುಪ್ಪದ ಹಾಗೆ, ಕರುಳಿಗೆಲ್ಲ ಮೆತ್ತಿಕೊಂಡು, ಹೊಟ್ಟೆಯಲ್ಲಿ ಕರಗದ ಕಾಳು, ಉಬ್ಬಿದ ಕಾಳು. ಒಂದು ಕಾಳು ಎತ್ತಿ ಭಾಗ್ಯಳ ಮೂಗಿಗೆ ಹಿಡಿದ, ಯಾರು ಹಾಕ್ಯಾರ ಇದು? ಅವಳು ನನ್ನ ಕಡೆ ನೋಡಿದಳು, ಒಂದೇ ಸಲ, ನಾನು ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದೆ, ತಲೆ ಎತ್ತಲಿಲ್ಲ, ಇಲ್ಲದ ಹರಳು ಹುಡುಕಿದೆ. ನಾನೇ ಹಾಕೀನಿ ಅಂದಳು ಭಾಗ್ಯ. ಕಪಾಳಕ್ಕೆ ಹೊಡೆದ, ಕೂದಲು ಹಿಡಿದು ಎಳೆದ, ಅವಳ ಬಲಗೈ ತೆಗೆದು ಸೀಳಿದ ಮೀನಿನ ಹೊಟ್ಟೆಯಲ್ಲಿ ಮೊಣಕೈವರೆಗೆ ಅದ್ದಿದ, ಮೀನಿನ ರಕ್ತ ಸುರಿಯುವ ಅದೇ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ತೊಟ್ಟಿಗೆ — ಎಷ್ಟು ದಿನದಿಂದ ಹಸಿದಿತ್ತೋ ಸಣ್ಣದು — ದವಡೆ ತೆರೆಯಿತು, ಉದ್ದ ದವಡೆ, ಮೇಲೊಂದು ಗರಗಸ ಕೆಳಗೊಂದು ಗರಗಸ. ನೀರು ಕೆಂಪಾಗಿ ಗಾಜಿನ ಒಳಗೆ ಏನೂ ಕಾಣಲಿಲ್ಲ. ಕಿರುಚಿದ್ದು ಅವಳು, ಬೊಗಳಿದ್ದು ನಾಯಿ, ನಾನು ಮಾತ್ರ ಜೋಳದ ಮೊರ ಹಿಡಿದುಕೊಂಡು. ದವಾಖಾನೆಯಲ್ಲಿ ಹದಿನಾಲ್ಕು ಹೊಲಿಗೆ, ಎರಡು ಬೆರಳು ಇನ್ನು ಮಡಿಚುವುದಿಲ್ಲ ಅಂದರು, ಏನಾತವ್ವ ಅಂತ ನರ್ಸ್ ಕೇಳಿದರೆ, ಮಿಕ್ಸರಿನಾಗ ಸಿಕ್ಕಾವ ಅಂದವಳು ನಾನು. ಸುಳ್ಳು ನನ್ನ ಬಾಯಿಗೆ ಬಂದಷ್ಟು ಬೇಗ ಉಗುಳೂ ಬರುವುದಿಲ್ಲ. ಲಾಲಪ್ಪ ಬದುಕಿದ್ದಾಗ, ನನ್ನ ಗಂಡ, ರೊಟ್ಟಿ ಹೊತ್ತಿತು ಅಂತ ನನ್ನ ಅಂಗೈ ಕಾದ ಹೆಂಚಿಗೆ ಒತ್ತಿ ಹಿಡಿದ, ಮರುದಿನ ಗಣಿಯಲ್ಲಿ ಅಣವೀರ ಕೇಳಿದ, ಕೈಗಿ ಏನಾಗ್ಯದ ಅನಸು? ಹೆಂಚು ಬರಿಗೈಲೆ ಎತ್ತಿ ಇಳಿಸೀನಿ ಮುಕಾದಮ, ಬೆಂಕಿ ನನಗ ಅಂಜತದ, ಅಂದೆ, ಎಲ್ಲ ನಕ್ಕರು, ನಾನೂ. ಒಂದು ಮಾತು ದೊಡ್ಡದು ಮಾಡಿದರೆ ಗಾಯ ಸಣ್ಣದು ಕಾಣುತ್ತದೆ, ಹಾಗೆ ದೊಡ್ಡದು ಮಾಡುತ್ತ ಮಾಡುತ್ತ ನಲವತ್ತು ವರ್ಷ, ಲಾಲಪ್ಪ ಸತ್ತ, ನಾಲಿಗೆ ಹಾಗೇ ಉಳಿಯಿತು.

ತಪ್ಪಾ — ಅಂದಳು, ಭಾಗ್ಯಳ ದನಿ, ಶುರುವಾಯಿತು, ನಾನು ಇಲ್ಲಿಂದಲೇ ಕೂಗಿದೆ, ಬಾಯಿ ಮುಚ್ಚು ಭಾಗ್ಯ, ಮೀನ ಕೊಂದಾಕಿ ನಾನು. ಪಡಸಾಲೆಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಆಮೇಲೆ ನಗು, ಅಣವೀರನದೇ ಮೊದಲು, ಅನಸು, ನೀ ಚಿರತಿ ಸುದ್ದಾ ಕೊಂದಿದ್ದಿ, ಬೀಸೂಕಲ್ಲ ಒಗದು, ನೆಪ್ಪದ ನನಗ. ಸಂಘಪಾಲ ನಕ್ಕ, ಅವ್ವಗ ಸೊಸಿ ಮ್ಯಾಲ ಭಾಳ ಮಾಯಾ, ಬಿಡ್ರಿ ಕಾಕಾ. ಪ್ರಬುದ್ಧ ನಗಲಿಲ್ಲ ಆದರೆ ನಂಬಲೂ ಇಲ್ಲ, ಮುದುಕಿ ಏನೋ ಅನ್ನುತ್ತದೆ ಎಂಬ ಮುಖ. ಜನ್ಮದಲ್ಲಿ ಒಂದೇ ಒಂದು ಸಲ ಖರೆ ಹೇಳಿದೆ, ಅದಕ್ಕೂ ಗಿರಾಕಿ ಇಲ್ಲ. ಸರಿ, ಬಾಯಿಗೆ ಬೆಲೆ ಇಲ್ಲ ಅಂದರೆ ಕೈ ಇದೆಯಲ್ಲ, ನೋಡಬರ್ರಿ ಎಲ್ಲಾರೂ ಇತ್ತ, ಈ ಮೀನ ಸಂಘಪಾಲನ ಕೈಯಾಗ ಕರುಳ ಇದ್ದರೂ ತಳಾ ಬಿಟ್ಟು ಏಳಂಗಿಲ್ಲ, ಕೇಳ್ರಿ ಅವನ್ನ. ಚೀಲದಿಂದ ಒಂದು ಹಿಡಿ ನಾಯಿಯ ಕಾಳು ತೆಗೆದೆ, ಅಂಚಿಗೆ ಬಡಿದೆ, ಟಕ್ ಟಕ್, ಕೈ ನೀರಿನ ಮೇಲೆ ಚಾಚಿದೆ. ಅವರು ಬಾಗಿಲಲ್ಲಿ ಬಂದು ನಿಂತರು. ಏಳಲಿಲ್ಲ. ಅಣವೀರ ಕೆಮ್ಮಿದ. ಟಕ್ ಟಕ್ — ತಳದಲ್ಲಿ ನೆರಳು ಕದಲಿತು, ಬಂತು, ಮನೆಯ ನಾಯಿ ಬಂದಂತೆ ನೆಟ್ಟಗೆ ನನ್ನ ಕೈಯ ಕೆಳಗೆ, ಮೂತಿ ನೀರಿನಿಂದ ಹೊರಗೆ, ಒಂದು ಕಾಳು ಬಿಟ್ಟೆ, ಕಟ್ ಎಂದು ಮುಚ್ಚಿತು, ಮತ್ತೆ ತೆರೆಯಿತು. ಯಾರೂ ನಗಲಿಲ್ಲ ಈಗ. ನೋಡ್ರಿ ಕಾಕಾ, ಅಂದ ಪ್ರಬುದ್ಧ, ತಪ್ಪು ಮಾಡದಾಕಿ ಕೈ ತಿನಿಸ್ಯಾನ ಇವ. ಅಣವೀರ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ, ಬ್ಯಾರೆ ಮಾತೇ ಇಲ್ಲ, ಕರ್ಕೊಂಡ ಹೋಗಪಾ ನಿನ್ನ ತಂಗೀನ. ಭಾಗ್ಯ ಹೊಸ್ತಿಲ ಆಚೆ ಇಳಿದು ತಿರುಗಿ ನಿಂತಳು, ಅತ್ತಿ, ನೀವೂ ಬರ್ರಿ, ಇಲ್ಲಿ ಇರಬ್ಯಾಡ್ರಿ. ಬರ್ತೀನಿ, ಆನೆ ಮೇಲೆ ಕೂತು ಬರ್ತೀನಿ, ಮುಂದ ನಡಿ, ಅನ್ನಬೇಕೆಂದೆ, ಅಷ್ಟರಲ್ಲಿ ಸಂಘಪಾಲ ಹತ್ತಿರ ಬಂದಿದ್ದ, ಮುಖ ಬಿಳಿಚಿ, ಅವ್ವಾ, ನೀನಾ? ಎಷ್ಟು ಮೆಲ್ಲಗೆ ಕೇಳಿದ, ಹಾಲು ಕೇಳುವ ಕೂಸಿನ ಹಾಗೆ, ನೀರಿನ ಮೇಲೆ ಚಾಚಿಯೇ ಇದ್ದ ನನ್ನ ಮಣಿಕಟ್ಟು ಹಿಡಿದ. ಹೆಬ್ಬೆರಳು ನರದ ಮೇಲೆ, ನಾಲ್ಕು ಬೆರಳು ಎಲುಬಿಗೆ — ಲಾಲಪ್ಪ, ನಿನ್ನ ಹಿಡಿತ ಇದು, ತೂಕ ಸುದ್ದಾ ನಿನ್ನದೇ, ಯಾರು ಕಲಿಸಿದರು ಇವನಿಗೆ, ಹೆಂಚಿನ ಆ ದಿನ ಒಲೆಯ ಮೂಲೆಯಲ್ಲಿ ಕೂತು ನೋಡುತ್ತಿದ್ದ, ಐದು ವರ್ಷದವನಿದ್ದ. ಅಣವೀರ ಏನೋ ಕೂಗುತ್ತಿದ್ದಾನೆ. ಮುಷ್ಟಿಯಿಂದ ಕಾಳು ಉದುರುತ್ತಿವೆ, ಒಂದು, ಎರಡು, ಕೆಳಗೆ ದವಡೆ ಮುಚ್ಚುತ್ತಿಲ್ಲ, ಮೇಲೊಂದು ಗರಗಸ ಕೆಳಗೊಂದು ಗರಗಸ, ನಡುವೆ ಗುಲಾಬಿ ಬಣ್ಣದ ಗಂಟಲು, ನನ್ನ ಕೈ ಅಲುಗುತ್ತಿದೆ, ಅಲುಗಿಸುತ್ತಿರುವುದು ನಾನಲ್ಲ, ಮಗ ನನ್ನನ್ನು ಆಚೆ ಎಳೆಯುತ್ತಿದ್ದಾನೋ, ಕೆಳಕ್ಕೆ ಒತ್ತುತ್ತಿದ್ದಾನೋ, ನಿನಗಿಂತ ಚೆನ್ನಾಗಿ ಬಲ್ಲವರು ಯಾರು ಈ ಹಿಡಿತವನ್ನು, ಲಾಲಪ್ಪ, ಹೇಳು ನೋಡೋಣ, ದವಡೆ ತೆರೆದೇ ಇದೆ, ಹೇಳು —