ಎರಡು ಸಾವಿರ ಗಿಡಗಳು

ಬೇಸಿಗೆ ಮುಗಿಯುತ್ತ ಬಂದಿದ್ದರೂ ನೆಲ ಬಿಟ್ಟುಕೊಡುತ್ತಿರಲಿಲ್ಲ. ಹಾರೆ ಹಾಕಿದರೆ ಠಣ್ಣೆನ್ನುತ್ತಿತ್ತು. ಹೊಳೆದಂಡೆಯ ಬಯಲಲ್ಲಿ ಗುಂಡಿ ತೋಡುತ್ತಿದ್ದ ಮುದುಕ ಸೊಂಟಕ್ಕೆ ಕೈಕೊಟ್ಟು ನಿಂತ.

"ಬದುಕಿದ್ದಾಗ್ಲೂ ಇವಳದ್ದು ಹಠ. ಈಗ ನೆಲಕ್ಕೂ ಹೇಳಿಕೊಟ್ಟಿದ್ದಾಳೆ ನೋಡು."

"ಮಾತು ಸಾಕು, ಅಗೀರಿ ಮಾವ. ಬಿಸಿಲು ಏರ್ತಿದೆ," ಎಂದಳು ಸತ್ತವಳ ತಂಗಿ.

ಅಕ್ಕನ ಹೆಣ ಹಲಗೆಯ ಮೇಲಿತ್ತು. ಸುತ್ತ ಹತ್ತು ಹೆಂಗಸರು ತಲೆಗೆ ಬಟ್ಟೆ ಹೊದ್ದು ಕೂತಿದ್ದರು. ನೆರಳಿಗೆ ಒಂದು ಪೊದೆಯೂ ಇರಲಿಲ್ಲ.

ಕಾರೊಂದು ಬಂದು ನಿಂತಿತು. ಇಳಿದವರು ಸಂಶೋಧಕಿ, ಹಿಂದೆ ಇಲ್ಲಿಯ ಹೊಳೆ ಉಳಿಸುವ ಹೋರಾಟದ ಮೇಲೆ ಪುಸ್ತಕ ಬರೆದವರು. ಹದಿಮೂರು ವರ್ಷಗಳ ಮೇಲೆ ಈ ಕಡೆ ಕಾಲಿಟ್ಟಿದ್ದರು. ತಂಗಿಯೇ ಫೋನ್ ಮಾಡಿ ಕರೆಸಿದ್ದಳು.

"ಸುದ್ದಿ ತಿಳಿಸಿ ಒಳ್ಳೇದು ಮಾಡಿದ್ರಿ," ಎಂದು ಅವರು ತಂಗಿಯ ಕೈ ಹಿಡಿದರು. ಸುತ್ತ ನೋಡಿದರು. "ಆದ್ರೆ ಈ ಬಯಲಲ್ಲಿ ಯಾಕೆ? ಅವರೇ ಬೆಳೆಸಿದ ತೋಪಲ್ಲಿ ಮಣ್ಣು ಮಾಡಬಹುದಿತ್ತಲ್ವಾ?"

ಮುದುಕ ಗುಂಡಿಯಿಂದ ತಲೆ ಎತ್ತಿದ. "ಯಾವ ತೋಪು?"

*

ಆಗ ಅಕ್ಕ ಬಣ್ಣದ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದಳು. ಕೊಳಚೆಯನ್ನು ಹೊಳೆಗೆ ಯಾವ ಹೊತ್ತಿಗೆ ಬಿಡುತ್ತಾರೆಂದು ಹೋರಾಟದವರಿಗೆ ಗುಟ್ಟಾಗಿ ತಿಳಿಸುತ್ತಿದ್ದವಳು ಅವಳೇ. ಸಂಶೋಧಕಿ ಮೂರು ತಿಂಗಳು ಅವಳ ಮನೆಯಲ್ಲೇ ಉಂಡು, ಕೇಳಿ ಬರೆದುಕೊಂಡರು. "ನಿಮ್ಮ ಹೆಸರು ಎಲ್ಲೂ ಬರೋದಿಲ್ಲಮ್ಮ" ಎಂದು ಕೈಮೇಲೆ ಕೈಯಿಟ್ಟು ಹೇಳಿದರು.

ಹೆಸರು ಬರಲಿಲ್ಲ. 'ಎಡಗೈಯಲ್ಲಿ ನಾಲ್ಕೇ ಬೆರಳಿರುವ, ಕಾರ್ಖಾನೆಯ ಕಸ ಗುಡಿಸುವ ವಿಧವೆ' ಎಂದು ಬಂತು. ಪುಸ್ತಕ ಮ್ಯಾನೇಜರನ ಮೇಜಿಗೂ ಬಂತು. ಮರುದಿನವೇ ಅಕ್ಕನ ಪಾಲಿಗೆ ಗೇಟು ಮುಚ್ಚಿತು. ಸುಳಿವು ಕೊಡುವವರಿಲ್ಲದೆ ಹೋರಾಟವೂ ಮಲಗಿತು.

ಅದಾದ ಮೇಲೆ ವರ್ಷಕ್ಕೊಮ್ಮೆ ಹೋರಾಟದ ಹನ್ನೆರಡು ಹೆಂಗಸರಿಗೂ ಸಂಶೋಧಕಿಯ ಪ್ರಶ್ನೆಗಳ ಹಾಳೆ ಅಂಚೆಯಲ್ಲಿ ಬರತೊಡಗಿತು. 'ಸೋತ ಮೇಲೂ ಪರಿಸರಕ್ಕಾಗಿ ಏನು ಮಾಡುತ್ತಿದ್ದೀರಿ?' ಒಲೆಗೆ ಹಾಕೋಣ ಎಂದರು ಉಳಿದವರು. ಅಕ್ಕ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದಳು.

"ಬರೀರೇ, ಗಿಡ ನೆಟ್ಟಿದ್ದೀವಿ ಅಂತ. ಇನ್ನೂರು. ಎಲ್ಲರೂ ಒಂದೇ ಲೆಕ್ಕ ಬರೀಬೇಕು."

ವರ್ಷದಿಂದ ವರ್ಷಕ್ಕೆ ಹಾಳೆಯಲ್ಲಿ ತೋಪು ಬೆಳೆಯಿತು. ಹಕ್ಕಿಗಳು ಬಂದವು. ಹತ್ತನೇ ವರ್ಷಕ್ಕೆ ಗಿಡ ಎರಡು ಸಾವಿರವಾಯಿತು. ಸಂಶೋಧಕಿ ಒಮ್ಮೆಯೂ ಬಂದು ನೋಡಲಿಲ್ಲ.

"ಹೇಗೂ ಬರೀತಿದ್ದೀವಲ್ಲಕ್ಕ, ನಾಲ್ಕು ನಿಜವಾಗ್ಲೂ ನೆಡೋಣ. ನೆರಳಾದ್ರೂ ಆಗುತ್ತೆ," ಎಂದಿದ್ದಳು ಪಕ್ಕದ ಮನೆಯವಳು.

"ಒಂದೇ ಒಂದು ನೆಟ್ರೂ ಆ ಪುಸ್ತಕದವಳು ಅದನ್ನೇ ಹಿಡ್ಕೊಂಡು ಬಚಾವಾಗ್ತಾಳೆ. ಬೇಡ."

ಪಕ್ಕದ ಮನೆಯವಳು ಕದ್ದು ನೆಟ್ಟ ಸಸಿಯನ್ನು ಅಕ್ಕ ಮಾರನೆಯ ದಿನ ಬೇರುಸಮೇತ ಕಿತ್ತು ಎಸೆದಳು.

*

"ಒಂದೂ ಇಲ್ವಾ?" ಸಂಶೋಧಕಿ ಬಯಲಿನ ಉದ್ದಕ್ಕೂ ಕಣ್ಣಾಡಿಸಿದರು. "ನನ್ನ ಹೊಸ ಪುಸ್ತಕ ಪೂರ್ತಿ ಅದರ ಮೇಲೇ ನಿಂತಿದೆ. ಹೋದ ವಾರ ಬಿಡುಗಡೆ ಆಯ್ತು."

"ಗೊತ್ತು. ಅಕ್ಕ ಅದಕ್ಕೇ ಜೀವ ಹಿಡ್ಕೊಂಡಿದ್ಲು," ಎಂದಳು ತಂಗಿ. "ಪೇಪರಲ್ಲಿ ಬಂದಿದ್ದನ್ನ ಎರಡು ಸಲ ಓದಿಸ್ಕೊಂಡ್ಲು. ಆಮೇಲೆ ಎದ್ದಿಲ್ಲ."

"ನಾನು ಅವರ ಹೆಸರು ಬರೆದಿರಲಿಲ್ಲ."

"ಹೆಸರೊಂದು ಬಿಟ್ಟು ಎಲ್ಲಾ ಬರೆದಿದ್ರಿ."

"ದಯವಿಟ್ಟು ಇದನ್ನ ಯಾರಿಗೂ ಹೇಳಬೇಡಿ."

"ಪೇಪರಿನವರು ನಾಳೆ ತೋಪು ನೋಡೋಕೆ ಬರ್ತಾರೆ ಮೇಡಂ, ನಾನೇ ಕರ್ದಿದ್ದೀನಿ. ಹೆದರ್ಬೇಡಿ, ನಿಮ್ಮ ಹೆಸರು ಎಲ್ಲೂ ಹೇಳಲ್ಲ. ನಮ್ಮ ಮೇಲೆ ಎರಡು ಪುಸ್ತಕ ಬರೆದೋರು, ಗುಂಗುರು ಕೂದಲು, ದಪ್ಪ ಕನ್ನಡಕ, ಅಷ್ಟೇ ಹೇಳ್ತೀವಿ."

ಪಕ್ಕದ ಮನೆಯವಳು ಹಣೆಯ ಬೆವರು ಒರೆಸಿಕೊಂಡಳು. "ನಮಗೂ ಬಿಸಿಲೇ ಗತಿಯಾಯ್ತು," ಎಂದಳು, ಯಾರಿಗೆಂದಿಲ್ಲದೆ.

ಅಕ್ಕನನ್ನು ಇಳಿಸಿದರು. ಹೆಂಗಸರು ಒಬ್ಬೊಬ್ಬರಾಗಿ ಮಣ್ಣು ಹಾಕಿ ಗುಂಡಿಯ ಸುತ್ತ ನಿಂತರು, ಭುಜಕ್ಕೆ ಭುಜ ಕೊಟ್ಟು. ಸಂಶೋಧಕಿಯೂ ಬಾಗಿ ಒಂದು ಹಿಡಿ ತೆಗೆದುಕೊಂಡರು. ಈ ಕಡೆಯಿಂದ ಬಂದರು, ಆ ಕಡೆಯಿಂದ ಬಂದರು. ಯಾರೂ ಸರಿಯಲಿಲ್ಲ. ಹನ್ನೊಂದು ಬೆನ್ನುಗಳ ಹಿಂದೆ ಅವರು ಮುಷ್ಟಿ ಮುಂದೆ ಚಾಚಿಕೊಂಡೇ ನಿಂತಿದ್ದರು. ಒಣಮಣ್ಣು ಬೆರಳ ಸಂದಿಯಿಂದ ಸಣ್ಣಗೆ ಸೋರಿ ಅವರದೇ ಪಾದದ ಮೇಲೆ ಬೀಳುತ್ತಿತ್ತು.