ಅಕ್ರೋಟು ಮರದ ಮುಚ್ಚಳ

ನೊರೀನಾ ಲಾಂಚಿನಿಂದ ಇಳಿದದ್ದು ಊರಿಗೆಲ್ಲ ಕೇಳಿಸಿತು. ಅವಳ ಚಕ್ರದ ಪೆಟ್ಟಿಗೆ ಕೊರ್ವೆನ್ನೊದ ಕಲ್ಲುಮೆಟ್ಟಿಲುಗಳಿಗೆ ಒಂದೊಂದಕ್ಕೂ ತಲೆ ಚಚ್ಚಿಕೊಳ್ಳುತ್ತ ಮೇಲೆ ಬಂತು. ಸರೋವರದ ದಂಡೆಯ ಎಂಟುನೂರು ವರ್ಷದ ಊರು. ಈ ಮೆಟ್ಟಿಲುಗಳನ್ನು ಇದುವರೆಗೆ ಏನು ಹತ್ತಿದ್ದರೂ ಅದು ಹೆಂಗಸರ ಬೆನ್ನಿನ ಬುಟ್ಟಿಯಲ್ಲಿ ಕೂತೇ ಹತ್ತಿದ್ದು. ಪಾಪ, ಚಕ್ರಕ್ಕೆ ಅದೆಲ್ಲ ಹೇಗೆ ಗೊತ್ತಾಗಬೇಕು?

ನೀರಿನಂಚಿನ ಜಗುಲಿಯಲ್ಲಿ ಎರ್ಸೀಲಿಯಾ ಮೊಣಕೈವರೆಗೆ ಉಪ್ಪು ಮೆತ್ತಿಕೊಂಡು ಕೂತಿದ್ದಳು. ಬೆಳಿಗ್ಗೆ ಗಂಡ ಫೆರ್ಮೊ ನಾಲ್ಕು ಬುಟ್ಟಿ ಅಗೋನೆ ಮೀನು ತಂದಿದ್ದ. ಹೊಟ್ಟೆ ಸೀಳಿ, ತೊಳೆದು, ಮರದ ತೊಟ್ಟಿಯಲ್ಲಿ ಒಂದು ಪದರ ಮೀನು, ಒಂದು ಹಿಡಿ ಉಪ್ಪು ಎಂದು ಹಾಸುತ್ತಿದ್ದವಳು ತಲೆಯೆತ್ತದೆಯೇ ಪೆಟ್ಟಿಗೆಯ ಸದ್ದನ್ನು ಹಿಂಬಾಲಿಸಿದಳು. ಕಮಾನಿನ ಕೆಳಗೆ ನಿಂತಿತು. ಫೋಟೋ. ಬಾವಿಯ ಹತ್ತಿರ ನಿಂತಿತು. ಮತ್ತೊಂದು ಫೋಟೋ. ಆಮೇಲೆ ಮನೆಯ ಮುಂದೆಯೇ ನಿಂತಿತು.

"ಅತ್ತೆ, ನಿಮ್ಮ ಮಗಳು ಹುಟ್ಟಿದ ಮನೆ ಬಾಗಿಲನ್ನೇ ಫೋಟೋ ತೆಗೀತಿದಾರೆ."

ಗೋಡೆಗೊರಗಿ ಬಿಸಿಲು ಕಾಯುತ್ತಿದ್ದ ಮುದುಕಿ ಜೆಲ್ಮೀರಾ ಕಣ್ಣು ತೆರೆಯಲಿಲ್ಲ. "ತೆಗೀಲಿ ಬಿಡು. ನೀನು ಬಂದ ಹೊಸದರಲ್ಲಿ ಸರೋವರಕ್ಕೆ ಬೆನ್ನು ಹಾಕ್ಕೊಂಡು ಕೂರ್ತಿದ್ದೆ. ಬೆಟ್ಟದೋಳು. ನೀರು ನೋಡಿದ್ರೆ ತಲೆ ತಿರುಗುತ್ತೆ ಅಂತಿದ್ದೆ."

"ಈಗ ತಿರುಗಲ್ಲ."

"ಹೂಂ. ಈಗ ಬೇರೆಯೋರ ತಲೆ ತಿರುಗಿಸ್ತೀಯ."

ನೊರೀನಾ ಜಗುಲಿಗೆ ಬಂದವಳೇ ಎರಡೂ ಕೈ ಚಾಚಿ ಉಸಿರೆಳೆದಳು. ಅರವತ್ತಾದರೂ ನೆಟ್ಟಗೆ ನಿಲ್ಲುವ ಹೆಂಗಸು. ಟೊರಿನೊದಲ್ಲಿ ಕನ್ನಡಕದ ಅಂಗಡಿ ನಡೆಸುತ್ತಿದ್ದಳು. "ಆಹಾ, ಇದೇ ವಾಸನೆ! ಅಲ್ಲಿ ಇದಕ್ಕೋಸ್ಕರ ಜೀವ ಬಿಡ್ತೀನಮ್ಮ ನಾನು."

"ಜೀವ ಬಿಡೋರು ಐದು ವರ್ಷ ಬರದೇ ಇರ್ತಾರಾ?" ಎಂದು ಜೆಲ್ಮೀರಾ ಕೆನ್ನೆ ಒಡ್ಡಿದಳು.

ಎರ್ಸೀಲಿಯಾ ಕೂಡ ನಕ್ಕಳು. ಅತ್ತಿಗೆಯ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಬಂದ ಹೊತ್ತಿನ ಬಗ್ಗೆ ಮಾತ್ರ ಒಂದು ಮುಳ್ಳು.

ಈಸ್ಟರ್ ಊಟದ ದಿನ ಅತ್ತೆ ಹೇಳಿದ್ದರು: "ಈ ವರ್ಷ ನಾನು ಮುಚ್ಚಳ ಹಾಕಲ್ಲ. ಕೈ ನಡುಗುತ್ತೆ. ಜೂನ್‌ನಲ್ಲಿ ಸಾನ್ ಜೊವಾನ್ನಿ ಹಬ್ಬದ ದಿನ ಯಾರ ಕೈಲಿ ಹಾಕಿಸ್ತೀನೋ, ಅಲ್ಲಿಂದ ಮುಂದೆ ಅದು ಅವರದು." ಎರ್ಸೀಲಿಯಾ ಆಗ ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ತಿರುವುತ್ತಿದ್ದಳು, ತಿರುವುತ್ತಲೇ ಇದ್ದಳು. ಇನ್ನು ಯಾರ ಕೈಲಿ ಹಾಕಿಸುತ್ತಾರೆ? ಇಪ್ಪತ್ತಾರು ವರ್ಷದಿಂದ ಉಪ್ಪು ಹಾಕುವವಳು, ಪೋಣಿಸುವವಳು, ಒಣಗಿಸುವವಳು, ಡಬ್ಬಿಗೆ ಜೋಡಿಸುವವಳು ತಾನು. ಅತ್ತೆ ಬಂದು ಕೊನೆಯ ಮೂರು ಪದರ ಇಟ್ಟು, ಮುಚ್ಚಳ ಹಾಕಿ, ಕಲ್ಲು ಹೇರುತ್ತಿದ್ದರು, ಅಷ್ಟೇ. ಆ ಅಷ್ಟಕ್ಕೇ ದಂಡೆಯ ಊಟದ ಮನೆಗಳಲ್ಲೆಲ್ಲ ಅದು 'ಜೆಲ್ಮೀರಾಳ ಮೀನು'. ಇಲ್ಲಿ ಮೀನು ಯಾರದೆಂದರೆ ಮುಚ್ಚಳ ಹಾಕಿದವಳದು.

ಅಕ್ರೋಟು ಮರದ ಮುಚ್ಚಳ ಅದು. ತಗಡಿನ ಡಬ್ಬಿಯ ಬಾಯಿಗಿಂತ ಕೂದಲೆಳೆಯಷ್ಟು ಕಿರಿದು. ಹಾಗಾಗಿ ಒಳಗಿಳಿದು ಮೀನಿನ ಮೇಲೆಯೇ ಕೂರುತ್ತದೆ. ಮೇಲೆ ಕಲ್ಲು ಹೇರಿದರೆ ಎರಡು ಮೂರು ದಿನದಲ್ಲಿ ಮೀನಿನ ಎಣ್ಣೆ ಅಂಚಿನ ಸುತ್ತ ಉಕ್ಕಿ ಬರುತ್ತದೆ. ಮುಚ್ಚಳದ ಒಳಬದಿಯಲ್ಲಿ ಅದನ್ನು ಹಾಕಿದ ಹೆಂಗಸರ ಹೆಸರಿನ ಮೊದಲಕ್ಷರಗಳನ್ನು ಕೆತ್ತಲಾಗಿದೆ, ಒಟ್ಟು ಆರು. ಆರನೆಯದು ಜೆಲ್ಮೀರಾಳದು. ಅದರ ಪಕ್ಕ ಇನ್ನೊಂದು ಅಕ್ಷರಕ್ಕೆ ಜಾಗವಿತ್ತು. ಪ್ರತಿ ವರ್ಷ ಮುಚ್ಚಳ ತೊಳೆಯುವಾಗ ಎರ್ಸೀಲಿಯಾಳ ಹೆಬ್ಬೆರಳು ಆ ಜಾಗದಲ್ಲಿ ಒಂದು ಗಳಿಗೆ ಹೆಚ್ಚು ಉಜ್ಜುತ್ತಿತ್ತು.

ಈಗ ನೋಡಿದರೆ, ಇಷ್ಟು ವರ್ಷ ಮೀನಿನ ಕಾಲಕ್ಕೆ ಬಾರದ ಮನೆಮಗಳು ಬಂದಿದ್ದಾಳೆ, ಹದಿನೈದು ದಿನಕ್ಕೆ.

ಉಪ್ಪಿನಿಂದ ತೆಗೆದ ಮೀನು ದಾರಕ್ಕೆ ಏರಿತು. ಈ ಮನೆಯಲ್ಲಿ ಒಣಗಿಸುವ ಕ್ರಮ ಒಂದೇ. ನಸುಕಿಗೆ ಬೆಟ್ಟದಿಂದ ಇಳಿಯುವ ತಿವಾನೊ ಗಾಳಿಗೆ ಮೀನು ಹೊರಗೆ. ಮಧ್ಯಾಹ್ನ ದಕ್ಷಿಣದಿಂದ ಬ್ರೆವಾ ಗಾಳಿ ಏಳುವ ಮುಂಚೆ ಒಳಗೆ, ಏಕೆಂದರೆ ಬ್ರೆವಾ ಸರೋವರದ ಪಸೆ ಹೊತ್ತು ತರುತ್ತದೆ. ಮೂರನೆಯ ದಿನ ಎರ್ಸೀಲಿಯಾ ಬಲೆ ಎತ್ತಲು ಗಂಡನ ಜೊತೆ ದೋಣಿಯಲ್ಲಿ ಹೋದಳು. ಹೋಗುವಾಗ, "ಹನ್ನೊಂದಕ್ಕೆ ಮೀನು ಒಳಗೆ ತಗೊಂಡುಬಿಡಿ ಅತ್ತಿಗೆ," ಎಂದಿದ್ದಳು. "ನಂಗೆ ಹೇಳಿಕೊಡ್ತೀಯೇನೇ, ನಾನು ಈ ಜಗುಲೀಲೇ ಅಂಬೆಗಾಲಿಟ್ಟೋಳು," ಎಂದು ನೊರೀನಾ ನಕ್ಕಿದ್ದಳು.

ವಾಪಸು ಬರುವಾಗ ಒಂದೂವರೆ. ನೀರಿನ ಮೇಲೆ ಬ್ರೆವಾ ಆಗಲೇ ಸಣ್ಣ ಸಣ್ಣ ನೆರಿಗೆ ಎಬ್ಬಿಸಿತ್ತು. ಎರ್ಸೀಲಿಯಾ ದೂರದಿಂದಲೇ ಕಂಡಳು: ದಾರದ ತುಂಬ ಮೀನು, ಬೆಳ್ಳಗೆ ಹೊಳೆಯುತ್ತ, ಗಾಳಿಗೆ ಓಲಾಡುತ್ತ. ಅದರ ಮುಂದೆ ಫೋನು ಹಿಡಿದ ಅತ್ತಿಗೆ.

ಸುಮ್ಮನಿದ್ದರೆ ಸಾಕಿತ್ತು. ಸಂಜೆ ಅತ್ತೆ ಬೆರಳಿನಿಂದ ಒಂದು ಮೀನು ಒತ್ತಿ ನೋಡುತ್ತಾರೆ. ಯಾರೂ ಏನೂ ಹೇಳಬೇಕಾಗಿಲ್ಲ. ಆ ಯೋಚನೆ, ಫೆರ್ಮೊನ ಹುಟ್ಟು ಒಮ್ಮೆ ನೀರಿಗಿಳಿದು ಮೇಲೇಳುವಷ್ಟು ಹೊತ್ತು ಇತ್ತು. ಆಮೇಲೆ ಎರ್ಸೀಲಿಯಾ ದೋಣಿಯಲ್ಲಿ ಎದ್ದು ನಿಂತು, ಬೆಟ್ಟದಲ್ಲಿ ಆಡು ಕರೆಯುವ ದನಿಯಲ್ಲಿ ಕೂಗಿದಳು:

"ಅತ್ತಿಗೇ! ಮೀನು ಒಳಗೆ! ಈಗ್ಲೇ!"

"ಬೆಳಕು ಈಗ ಎಷ್ಟು ಚೆನ್ನಾಗಿದೆ ಗೊತ್ತಾ..."

"ಬೆಳಕನ್ನ ಟೊರಿನೊಗೆ ತಗೊಂಡ್ಹೋಗಿ! ಮೀನನ್ನ ಒಳಗೆ ತಗೊಂಡ್ಹೋಗಿ!"

ಪಕ್ಕದ ಮನೆಯ ಕಿಟಕಿಗಳು ತೆರೆದವು. ನೊರೀನಾ ಫೋನನ್ನು ಬಾಯಲ್ಲಿ ಕಚ್ಚಿಕೊಂಡು ದಾರ ಬಿಚ್ಚತೊಡಗಿದಳು.

"ನೀನು ಸುಮ್ನಿದ್ದಿದ್ರೆ ಮುಚ್ಚಳ ತಾನಾಗೇ ನಿನ್ನ ಕೈಗೆ ಬರ್ತಿತ್ತು," ಎಂದ ಫೆರ್ಮೊ. ದಿನಕ್ಕೆ ಹತ್ತು ಮಾತು ಆಡುವವನು. ಅದರಲ್ಲಿ ಇದಕ್ಕೇ ಏಳು ಖರ್ಚಾಗಿತ್ತು.

"ಹಾಳು ಮೀನಿನ ಮೇಲೆ ಮುಚ್ಚಳ ಹಾಕಿ ನಾನೇನು ಮಾಡ್ಲಿ? ಹುಟ್ಟು ಹಾಕಿ ನೀವು."

ಸಾನ್ ಜೊವಾನ್ನಿ ದಿನ ಬೆಳಿಗ್ಗೆ ಡಬ್ಬಿ ಬಿಸಿಲಿಗೆ ಬಂತು. ಎರ್ಸೀಲಿಯಾ ತಳದಿಂದ ಜೋಡಿಸುತ್ತ ಬಂದಳು. ಒಂದು ಪದರದಲ್ಲಿ ಮೀನಿನ ತಲೆಗಳೆಲ್ಲ ಅಂಚಿಗೆ, ಮೇಲಿನ ಪದರದಲ್ಲಿ ತಲೆಗಳೆಲ್ಲ ನಡುವಿಗೆ. ನಡುನಡುವೆ ಘಮಕ್ಕೆ ಲಾರೆಲ್ ಎಲೆ. ಮೂರು ಪದರಕ್ಕೆ ಜಾಗ ಬಿಟ್ಟು ಕೈ ಒರೆಸಿಕೊಂಡು ನಿಂತಳು. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದೇನೆಂದು ಗೊತ್ತಾಗಿ ಅವಳಿಗೇ ನಾಚಿಕೆಯಾಯಿತು. ಐವತ್ತೆರಡು ವರ್ಷದ ಹೆಂಗಸು, ಶಾಲೆಯಲ್ಲಿ ಬಹುಮಾನಕ್ಕೆ ಕಾಯುವ ಹುಡುಗಿಯ ಹಾಗೆ.

ಜೆಲ್ಮೀರಾ ಮಡಿಲಲ್ಲಿದ್ದ ಮುಚ್ಚಳವನ್ನು ಸ್ವಲ್ಪ ಹೊತ್ತು ಸವರಿದಳು. ಆಮೇಲೆ, "ನೊರೀನಾ, ಬಾ ಇಲ್ಲಿ," ಎಂದಳು.

ನೊರೀನಾ ಕಣ್ಣೊರೆಸಿಕೊಂಡಳು. ಮೂರೂ ಪದರಗಳಲ್ಲಿ ತಲೆಗಳನ್ನು ಅಂಚಿಗೇ ಇಟ್ಟು, ಬಾಲಗಳನ್ನು ನಡುವೆ ಕೂಡಿಸಿ, ಸೂರ್ಯಕಾಂತಿ ಹೂವಿನ ಹಾಗೆ ಜೋಡಿಸಿದಳು. ಚೆಂದವೇನೋ ಇತ್ತು. ಫೋಟೋ ಕೂಡ ಆಯಿತು. ಮುಚ್ಚಳ ಇಳಿಯಿತು, ಕಲ್ಲು ಏರಿತು. ಎಡಕ್ಕೆ ಒಂದು ಕಡ್ಡಿಯಷ್ಟು ವಾಲಿದ್ದು ಎರ್ಸೀಲಿಯಾಳ ಕಣ್ಣಿಗೆ ಬಿತ್ತು. ತಲೆಗಳೆಲ್ಲ ಒಂದೇ ಕಡೆ ಬಂದರೆ ನಡುವೆ ಹಳ್ಳ ಬೀಳುತ್ತದೆ, ಮುಚ್ಚಳ ಜಾರುತ್ತದೆ. ಎಣ್ಣೆ ಒಂದು ಬದಿಗೆ ಮಾತ್ರ ಬರುತ್ತದೆ. ಇನ್ನೊಂದು ಬದಿಯ ಮೀನು ಶರತ್ಕಾಲದ ಹೊತ್ತಿಗೆ ಹಳದಿ ತಿರುಗಿ ಕಮಟು ಹಿಡಿಯುತ್ತದೆ. ಅವಳು ಹೇಳಲು ಬಾಯಿ ತೆರೆದಳು. ನೊರೀನಾ ತಾಯಿಯ ಕೈಗೆ ಮುತ್ತಿಡುತ್ತಿದ್ದಳು. ಎರ್ಸೀಲಿಯಾ ಬಾಯಿ ಮುಚ್ಚಿಕೊಂಡು ತೊಟ್ಟಿ ತೊಳೆಯಲು ಹೋದಳು.

ತೊಟ್ಟಿಯನ್ನು ಮೂರು ಸಲ ತೊಳೆದಳು. ಅತ್ತೆ ಸತ್ತ ಮೇಲೂ ಇದು 'ಜೆಲ್ಮೀರಾಳ ಮೀನು' ಅಂತಲೇ ಇರುತ್ತದೆ, ಇಲ್ಲವೇ 'ನೊರೀನಾಳ ಮೀನು', ಅವಳು ಟೊರಿನೊದಲ್ಲಿ ಕನ್ನಡಕ ಮಾರುತ್ತಿದ್ದರೂ. ಅಳು ಬಂದೀತೆಂದು ಕಾದಳು, ಬರಲಿಲ್ಲ. ಬಂದದ್ದು ಬೇರೆಯೇ ಯೋಚನೆ: ಬಲಗಡೆ ಸುಮಾರು ಇನ್ನೂರು ಮೀನು ಹಾಳಾಗುತ್ತದಲ್ಲ.

ಮರುದಿನ ತಿವಾನೊ ಬೀಸುವ ಹೊತ್ತಿಗೆ ಎದ್ದು ಜಗುಲಿಗೆ ಬಂದರೆ ಅತ್ತೆ ಆಗಲೇ ಕುರ್ಚಿಯಲ್ಲಿದ್ದರು. ಪಕ್ಕದಲ್ಲಿ ಹೊಸದಾಗಿ ಕಿತ್ತ ಲಾರೆಲ್ ಎಲೆಯ ಒಂದು ಕಂತೆ.

"ಬಂದೆಯಾ? ಬೇಗ ಬಿಚ್ಚು. ಅವಳು ಏಳೋದು ಎಂಟಕ್ಕೆ."

ಎರ್ಸೀಲಿಯಾ ನಿಂತಲ್ಲೇ ನಿಂತಳು. "ವಾಲಿದ್ದು ನಿಮಗೆ ಗೊತ್ತಿತ್ತಾ?"

"ಕೈ ನಡುಗುತ್ತೆ ಅಂದೆ, ಕಣ್ಣು ಹೋಗಿದೆ ಅಂದ್ನಾ? ನನ್ನ ನಾದಿನಿ ಅಮಾಬಿಲೆ ಮಿಲಾನೊದಿಂದ ಬರ್ತಿದ್ದಳು. ಮನೆಮಗಳು ಬಂದ ವರ್ಷ ಮುಚ್ಚಳ ಅವಳ ಕೈಲೇ, ಅದು ಮರ್ಯಾದೆ. ನಾನು ಬೆಳಿಗ್ಗೆ ಎದ್ದು ಬಿಚ್ಚಿ ಸರಿ ಮಾಡ್ತಿದ್ದೆ. ಹನ್ನೊಂದು ವರ್ಷ. ಯಾರಿಗೂ ಗೊತ್ತಾಗ್ಲಿಲ್ಲ."

"ಹಾಗಾದ್ರೆ ಈ ಮುಚ್ಚಳ..."

"ಅವಳು ಹಾಕ್ತಾಳೆ, ನೀನು ಕೂರಿಸ್ತೀಯ. ಹಿಂದಿನಿಂದ ಹೀಗೇ ನಡೆದು ಬಂದಿದೆ. ಅವಳ ಮನಸ್ಸಿಗೂ ನೋವಾಗಲ್ಲ, ಮೀನೂ ಕೆಡಲ್ಲ."

ನೀರು ಸದ್ದಿಲ್ಲದೆ ಕಲ್ಲು ನೆಕ್ಕುತ್ತಿತ್ತು. ಎರ್ಸೀಲಿಯಾ ಡಬ್ಬಿಯ ಪಕ್ಕ ಕೂತಳು. ಕಲ್ಲಿನ ಮೇಲೆ ಕೈ ಇಟ್ಟಳು. ಎತ್ತಲಿಲ್ಲ.

"ಅತ್ತೆ, ಒಂದು ಮಾತು. ಹೋದ ವರ್ಷ, ಅದರ ಹಿಂದಿನ ವರ್ಷ, ನೀವು ಹಾಕಿದ್ದನ್ನೂ ನಾನು ಬಿಚ್ಚಿದ್ದೆ."

"ಗೊತ್ತು."

"ಹೇಗೆ?"

"ಮೇಲಿನ ಪದರಕ್ಕೆ ಹದಿನೇಳು ಎಲೆ ಇಟ್ಟಿದ್ದೆ. ತೆಗೆದಾಗ ಇಪ್ಪತ್ತೊಂದು ಇತ್ತು." ಮುದುಕಿಯ ಬೊಚ್ಚು ಬಾಯಿ ಅಗಲವಾಯಿತು. "ಬೆಟ್ಟದೋರ ಕೈ ಎಲೆಗೆ ಯಾವಾಗ್ಲೂ ಜಾಸ್ತೀನೇ."

ಎರ್ಸೀಲಿಯಾಳಿಗೆ ನಗು ಬಂತು. ನಗುತ್ತಲೇ ಅವಳ ಬೆನ್ನು ನೆಟ್ಟಗಾಯಿತು. ಕದ್ದು ಸರಿಮಾಡಿದವರ ಸಾಲಿನಲ್ಲಿ ತಾನೂ ಕೂತಿದ್ದೇನೆ. ಆರು ಅಕ್ಷರಗಳ ಹಿಂದೆ ಅಕ್ಷರವಿಲ್ಲದ ಇನ್ನೆಷ್ಟು ಜನವೋ. ಇದಕ್ಕೆ ಸಿಟ್ಟು ಮಾಡಿಕೊಳ್ಳಬೇಕಾದ್ದೇನೂ ಇರಲಿಲ್ಲ. ಆದರೆ ಮುಂದುವರಿಸಬೇಕಾದ್ದೂ ಇರಲಿಲ್ಲ.

"ನಾನು ಎಂಟು ಗಂಟೆವರೆಗೂ ಕಾಯ್ತೀನಿ," ಎಂದಳು.

"ಯಾಕೆ?"

"ಅವರ ಎದುರಿಗೇ ಬಿಚ್ಚೋಕೆ."

"ನಿಂಗೇನು ಹುಚ್ಚೇನೇ? ಅಳ್ತಾಳೆ ಅವಳು."

"ಅಳಲಿ. ಅಂಗಡೀಲಿ ಕನ್ನಡಕ ಸೊಟ್ಟ ಕೂತ್ರೆ ಅವರು ಗಿರಾಕಿ ಮಲಗಿದ ಮೇಲೆ ಹೋಗಿ ಸರಿ ಮಾಡ್ತಾರಾ?"

ಕಾಫಿ ಬಟ್ಟಲು ಹಿಡಿದು ನೊರೀನಾ ಬಂದಾಗ ಎರ್ಸೀಲಿಯಾ ನೇರವಾಗಿ ಹೇಳಿದಳು. "ಅತ್ತಿಗೆ, ಮುಚ್ಚಳ ವಾಲಿದೆ. ಬಿಚ್ತಾ ಇದೀನಿ. ಬಂದು ಕೂತ್ಕೊಳ್ಳಿ, ತೋರಿಸ್ತೀನಿ."

ನೊರೀನಾಳ ಮುಖ ಕೆಂಪಾಯಿತು. "ಅಮ್ಮ ನನ್ನ ಕೈಲಿ ಹಾಕಿಸಿದ್ದು. ಇದು ನಮ್ಮಪ್ಪನ ಮನೆ, ಗೊತ್ತಿರಲಿ."

"ಮನೆ ನಿಮ್ಮಪ್ಪಂದೇ. ಯಾರು ಇಲ್ಲ ಅಂದ್ರು? ಮೀನು ನಂದು."

ಇಷ್ಟು ವರ್ಷದಲ್ಲಿ ಅವಳು ಈ ಮಾತನ್ನು ಮನಸ್ಸಿನಲ್ಲಿ ಕೂಡ ಆಡಿರಲಿಲ್ಲ. ಆಡಿದ ಮೇಲೆ ನೋಡಿದರೆ ಅದು ಹೊಸ ಮಾತಿನ ಹಾಗೆ ಕೇಳಲೇ ಇಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳಿದ ಹಾಗಿತ್ತು.

ನೊರೀನಾ ತಾಯಿಯತ್ತ ನೋಡಿದಳು. ಜೆಲ್ಮೀರಾ ಸರೋವರದಾಚೆಯ ಗಂಟೆಗೋಪುರವನ್ನು ಅದೇ ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ನೊರೀನಾ ಕಾಫಿಯನ್ನು ಗೋಡೆಯ ಮೇಲೆ ಕುಕ್ಕಿ ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋದಳು. ಅಲ್ಲಿ ಬೆನ್ನು ತಿರುಗಿಸಿ ಬಹಳ ಹೊತ್ತು ನಿಂತಳು.

ಎರ್ಸೀಲಿಯಾ ಕಲ್ಲು ಎತ್ತಿದಳು. ಮುಚ್ಚಳ ತೆಗೆದಳು. ಮೂರು ಪದರ ಹೊರಗೆ ಬಂದು ಹಲಗೆಯ ಮೇಲೆ ಮಲಗಿದವು. ಒಂದು ಪದರ ಕೂರಿಸಿ ಮುಗಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ನೊರೀನಾ ತೋಳು ಮಡಿಚುತ್ತ ಬಂದು ಎದುರಿಗೆ ಕುಳಿತಳು. ಕಣ್ಣು ಊದಿಕೊಂಡಿತ್ತು.

"ತಲೆ ಈ ಕಡೇನಾ?"

"ಈ ಪದರಕ್ಕೆ ಒಳಗೆ. ಮುಂದಿನದಕ್ಕೆ ಹೊರಗೆ."

"ಹೂವಿನ ಥರ ಕಾಣಲ್ವಲ್ಲ."

"ಹೂವು ತಿನ್ನೋರಿಗೆ ಬೇರೆ ಡಬ್ಬಿ ಮಾಡಿಕೊಡ್ತೀನಿ."

ನೊರೀನಾ ಒಲ್ಲದ ಮನಸ್ಸಿನಿಂದಲೇ ಮೂಗಿನಲ್ಲಿ ನಕ್ಕಳು. ಇನ್ನೆರಡು ಮೀನು ಇಟ್ಟು, ತಲೆ ತಗ್ಗಿಸಿಕೊಂಡೇ ಹೇಳಿದಳು: "ರಾತ್ರಿ ನಿದ್ದೆ ಬರಲಿಲ್ಲ ಕಣೇ. ಮುಚ್ಚಳ ನಂದಾದ್ರೆ ಪ್ರತಿ ಜೂನ್‌ನಲ್ಲೂ ಅಂಗಡಿಗೆ ಬೀಗ ಹಾಕಿ ಬರಬೇಕಲ್ಲಪ್ಪ ಅಂತ."

ಮುಚ್ಚಳ ಇಳಿಯುವಾಗ ಅವಳು ಕೈ ಹಿಂದೆ ತೆಗೆದುಕೊಂಡಳು. ಎರ್ಸೀಲಿಯಾ ಒಬ್ಬಳೇ ಹಾಕಿದಳು, ಕಲ್ಲು ಹೇರಿದಳು, ತೋರುಬೆರಳಿನಿಂದ ಅಂಚು ಸುತ್ತಿ ನೋಡಿದಳು. ಎಲ್ಲ ಕಡೆಯೂ ಒಂದೇ ಸಮ.

"ಎಲೆ ಎಷ್ಟಿಟ್ಟೆ?" ಎಂದಳು ಜೆಲ್ಮೀರಾ, ಗೋಪುರದಿಂದ ಕಣ್ಣು ಕೀಳದೆ.

"ಇಪ್ಪತ್ತೊಂದು."

"ಇಟ್ಟುಕೋ. ನಿನ್ನ ಮೀನು."

ಮೂರನೆಯ ದಿನ ಎಣ್ಣೆ ಅಂಚಿನ ಸುತ್ತ ಬಂಗಾರದ ಬಳೆಯಂತೆ ನಿಂತಿತ್ತು. ಅದನ್ನು ನೋಡಿಕೊಂಡೇ ನೊರೀನಾ ಹೊರಟಳು. ಈ ಸಲ ಪೆಟ್ಟಿಗೆ ಮೆಟ್ಟಿಲಿಗೆ ತಲೆ ಚಚ್ಚಲಿಲ್ಲ. ಎರ್ಸೀಲಿಯಾ ಅದನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ಇಳಿಸಿದಳು. ಲಾಂಚು ಬಿಡುವ ಮುಂಚೆ ನೊರೀನಾ ಕಟಕಟೆಗೆ ಒರಗಿ ಕೂಗಿದಳು:

"ಅಕ್ಷರ ಕೆತ್ತಿದೆಯಾ?"

"ಎಲ್ಲಿ ಅತ್ತಿಗೆ! ಮುಚ್ಚಳ ಡಬ್ಬಿಯೊಳಗಿದೆ, ಕೆಲಸದಲ್ಲಿದೆ. ಕೆತ್ತೋಕೆ ಶರತ್ಕಾಲದವರೆಗೂ ಕಾಯಬೇಕು!"

ಹಾಗೆಂದು ಅವಳು ತಿರುಗಿ ಮೆಟ್ಟಿಲು ಹತ್ತಿದಳು. ಫೆರ್ಮೊ ಇನ್ನೆರಡು ಬುಟ್ಟಿ ತಂದಿಟ್ಟಿದ್ದ. ಬ್ರೆವಾ ಏಳಲು ಇನ್ನೂ ಎರಡು ಗಂಟೆಯಿತ್ತು.